ಕಿಯೋ ಕಂಪ್ಯೂಟರ್ ಬಂತು ಸರಿ, ಅದರೊಳಕ್ಕೆ ಕನ್ನಡದ ತಂತ್ರಾಂಶ ಯಾವ ದಾರೀಲಿ ಬರುತ್ತೆ?

"ಏನ್ಲಾ ಇದು, ನೀನ್ ಹಾಕ್ಕೊಟ್ಟ ಲೆಕ್ಕದ್ ಪುಸ್ತಕ ತೆರೀತಾನೇ ಇಲ್ವಲ್ಲೋ?"

ಬೋರನಕಣಿವೆ ಹತ್ತಿರದ ನಮ್ಮೂರಿಂದ ಚಿಕ್ಕಪ್ಪ ಫೋನ್ ಮಾಡಿದಾಗ ನಾನು ತುಮಕೂರಿಗೆ ಹೋಗೋ ಬಸ್ಸಲ್ಲಿದ್ದೆ. ಹಿಂದಿನ ದಿನ ನಾನೇ ಅವರ ಹಳೇ ಲ್ಯಾಪ್‌ಟಾಪಿನ ಲಿನಕ್ಸ್ ಮಿಂಟ್ ಅನ್ನ 21ರಿಂದ 22ಕ್ಕೆ ಏರಿಸಿ ಬಂದಿದ್ದೆ. ಹೊಸದಾಯ್ತು, ಇನ್ನು ನಾಲ್ಕೈದು ವರ್ಷ ಯೋಚನೆ ಇಲ್ಲ ಅಂತ ಧೈರ್ಯವನ್ನೂ ಹೇಳಿದ್ದೆ. ಮಾರನೇ ದಿನ ಬೆಳಗ್ಗೆಗೆ ನಾನು ಬರೆದುಕೊಟ್ಟಿದ್ದ ತಂತ್ರಾಂಶವೇ ಸತ್ತಿತ್ತು.

ಅದೇನೂ ದೊಡ್ಡ ತಂತ್ರಾಂಶ ಅಲ್ಲ. ಕೊಬ್ಬರಿ ಲೆಕ್ಕದ ಪುಸ್ತಕ ಅಷ್ಟೇ. ಯಾವತ್ತು ಎಷ್ಟು ಕಾಯಿ ಕೆಡವಿದ್ವಿ, ಮರ ಹತ್ತಿದವರಿಗೆ ಕೂಲಿ ಎಷ್ಟು ಕೊಟ್ವಿ, ಅಟ್ಟಕ್ಕೆ ಎಷ್ಟು ಹಾಕಿದ್ವಿ, ಹತ್ತು ಹನ್ನೊಂದು ತಿಂಗಳಾದ ಮೇಲೆ ಸುಲಿದು ಒಡೆದಾಗ ಎಷ್ಟು ಕ್ವಿಂಟಾಲ್ ಉಂಡೆ ಕೊಬ್ಬರಿ ಬಂತು, ತಿಪಟೂರಿಗೆ ಎಷ್ಟು ಚೀಲ ಹೋಯ್ತು, ಹುಳಿಯಾರಿಗೆ ಎಷ್ಟು ಹೋಯ್ತು. ಎಲ್ಲವೂ ಕನ್ನಡದಲ್ಲಿ. ಚಿಕ್ಕಪ್ಪ ಹಿಂದೆ ಡೇರಿಯಲ್ಲಿ ಲೆಕ್ಕ ಬರೀತಿದ್ದವರು, ನುಡಿ ಕೀಲಿಮಣೆ ಬೆರಳಿಗೆ ಹತ್ತಿದೆ. ಒಂದು ವರ್ಷದ ಲೆಕ್ಕವನ್ನ ಅವರೇ ಕೂತು ಹೊಡೆದಿದ್ದರು.

ಆ ಲೆಕ್ಕಕ್ಕೆ ಬೆಲೆ ಇದೆ. 2024ರ ಆರಂಭದಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ನೋಂದಣಿ ಶುರುವಾದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಏನಾಯ್ತು ಅಂತ ಇಲ್ಲಿನ ಯಾರನ್ನ ಕೇಳಿದರೂ ಹೇಳ್ತಾರೆ. ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ, ಉದ್ದದ ಸಾಲು, ಅಕ್ರಮದ ದೂರು, ನೋಂದಣಿ ರದ್ದು, ಮತ್ತೆ ಹೊಸದಾಗಿ ನೋಂದಣಿ. ಯಾವ ತೋಟದಲ್ಲಿ ಎಷ್ಟು ಬೆಳೆ ಅನ್ನೋ ದಾಖಲೆ ತನ್ನ ಕೈಯಲ್ಲಿ ಇರೋ ರೈತನಿಗೂ ಇಲ್ಲದ ರೈತನಿಗೂ ವ್ಯತ್ಯಾಸ ಇಂಥ ಹೊತ್ತಲ್ಲಿ ಗೊತ್ತಾಗುತ್ತೆ.

ನನ್ನ ತಂತ್ರಾಂಶ ಸತ್ತಿದ್ದು ಯಾಕೆ? ಅದನ್ನ ಪೈಥಾನ್‌ನಲ್ಲಿ ಬರೆದಿದ್ದೆ. ಹಳೇ ಮಿಂಟ್‌ನಲ್ಲಿ ಪೈಥಾನ್ 3.10 ಇತ್ತು, ಹೊಸದರಲ್ಲಿ 3.12. ನಾನು ಬೇರೆ ಕಡೆಯಿಂದ ತಂದು ಸೇರಿಸಿದ್ದ ಲೈಬ್ರರಿಗಳೆಲ್ಲ ಹಳೇ ಪೈಥಾನ್‌ನ ಮನೆಯಲ್ಲೇ ಉಳಿದುಬಿಟ್ಟವು. ಮತ್ತೆ ಹಾಕೋಕೆ ಹೋದರೆ ಹೊಸ ವ್ಯವಸ್ಥೆ ಸುಮ್ಮನೆ ಬಿಡಲ್ಲ. ಪೈಥಾನ್ ವಿತರಣೆಯ ಸ್ವತ್ತು, ಹೊರಗಿನವರು ಮುಟ್ಟಬೇಡಿ ಅನ್ನುತ್ತೆ. ತಪ್ಪು ನನ್ನದೇ. ಆದರೆ ಆ ತಪ್ಪನ್ನ ಸರಿಮಾಡಲು ಹೋದ ಮೂರು ತಿಂಗಳಲ್ಲಿ ನಾನು ಕಲಿತದ್ದು ನನ್ನೊಬ್ಬನ ತಪ್ಪಿಗಿಂತ ದೊಡ್ಡ ವಿಷಯ. ಸರ್ಕಾರ ಈಗ ಲಿನಕ್ಸ್ ಕಂಪ್ಯೂಟರನ್ನ ಮಕ್ಕಳ ಕೈಗೆ ಕೊಡ್ತೀನಿ ಅಂತ ಹೊರಟಿರೋದರಿಂದ ಅದನ್ನ ಇಲ್ಲಿ ಬರೀತಿದ್ದೀನಿ.

ಕಾಯಿ ಒಂದೇ, ಕೇಳೋ ಮಂಡಿ ಹತ್ತು

ಲಿನಕ್ಸ್ ಅಂದರೆ ಒಂದು ಆಪರೇಟಿಂಗ್ ಸಿಸ್ಟಮ್ ಅಂತ ಹೊರಗಿನವರು ಅಂದುಕೊಂಡಿರ್ತಾರೆ. ನಿಜವಾಗಿ ಲಿನಕ್ಸ್ ಅನ್ನೋದು ಒಳಗಿನ ಕರ್ನೆಲ್ ಮಾತ್ರ. ಅದರ ಸುತ್ತ ಸಾವಿರಾರು ಲೈಬ್ರರಿ, ಕಿಟಕಿ, ಮೆನು, ಅಕ್ಷರ, ಪ್ರಿಂಟಿಂಗ್ ಎಲ್ಲವನ್ನೂ ಜೋಡಿಸಿ ಕೊಡೋದನ್ನ ವಿತರಣೆ, ಅಂದರೆ ಡಿಸ್ಟ್ರೊ ಅಂತಾರೆ. ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ, ಆರ್ಚ್, ಹೀಗೆ. ಒಂದೊಂದು ವಿತರಣೆ ಒಂದೊಂದು ಕಾಲಕ್ಕೆ, ಒಂದೊಂದು ಆವೃತ್ತಿಯ ಲೈಬ್ರರಿಗಳನ್ನ ಜೋಡಿಸುತ್ತೆ. ಡೆಬಿಯನ್ ಕುಟುಂಬದವರಿಗೆ ತಂತ್ರಾಂಶವನ್ನ ಡೆಬ್ ಕಟ್ಟಿನಲ್ಲಿ ಕೊಡಬೇಕು, ಫೆಡೋರಾದವರಿಗೆ ಆರ್‌ಪಿಎಂ ಕಟ್ಟಿನಲ್ಲಿ.

ನಮ್ಮ ತೆಂಗಿನಕಾಯಿ ಥರಾನೇ. ಮರ ಅದೇ, ಕಾಯಿ ಅದೇ. ಮದ್ದೂರಿಗೆ ಹೋದರೆ ಎಳನೀರು ಕೇಳ್ತಾರೆ, ಬೆಂಗಳೂರಿನ ವ್ಯಾಪಾರಿ ಜುಟ್ಟು ಬಿಟ್ಟು ಸುಲಿದ ಹಸಿಕಾಯಿ ಕೇಳ್ತಾನೆ, ತಿಪಟೂರಿನ ಮಂಡಿಗೆ ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರೀನೇ ಆಗಬೇಕು. ಮೂರಕ್ಕೂ ಮೂರು ಥರದ ದುಡಿಮೆ. ಹತ್ತು ಎಕರೆ ತೋಟದವನು ಮೂರನ್ನೂ ಮಾಡಬಹುದು. ಹತ್ತು ಮರದವನು ಒಂದನ್ನ ಆರಿಸಿಕೊಳ್ತಾನೆ.

ನನ್ನ ಹತ್ತು ಮರದ ತಂತ್ರಾಂಶವನ್ನ ಕೇಳಿದವರು ನಾಲ್ಕು ಜನ. ಚಿಕ್ಕಪ್ಪನ ಮಿಂಟ್. ಪಕ್ಕದೂರಿನ ಪ್ರೌಢಶಾಲೆಯ ಲ್ಯಾಬಿನಲ್ಲಿ ಉಬುಂಟು 18.04, ಮಕ್ಕಳಿಗೆ ಅಭ್ಯಾಸಕ್ಕೆ ಬೇಕು ಅಂತ ಮೇಷ್ಟ್ರು ಕೇಳಿದ್ದು. ಇಂಜಿನಿಯರಿಂಗ್ ಓದೋ ಗೆಳೆಯನ ಫೆಡೋರಾ. ಇನ್ನೊಬ್ಬ ಸಂಬಂಧಿಕರ ಮನೆಯ ಡೆಬಿಯನ್ 12.

ಎಲ್ಲವನ್ನೂ ಒಳಗೇ ತುಂಬಿ ಒಂದೇ ಕಡತ ಮಾಡಿಬಿಡೋಣ ಅಂತ ನನ್ನ ಉಬುಂಟು 22.04ರಲ್ಲಿ ಕಟ್ಟಿದೆ. ಮಿಂಟ್, ಫೆಡೋರಾ, ಡೆಬಿಯನ್ ಮೂರರಲ್ಲೂ ತೆರೆದುಕೊಂಡಿತು. ಶಾಲೆಯ ಲ್ಯಾಬಿನಲ್ಲಿ ಮಾತ್ರ ಒಂದು ಸಾಲಿನ ದೋಷ ತೋರಿಸಿ ಮುಚ್ಚಿಕೊಂಡಿತು. ಎಲ್ಲ ತಂತ್ರಾಂಶದ ಬುಡದಲ್ಲಿ ಗ್ಲಿಬ್‌ಸಿ ಅಂತ ಒಂದು ಮೂಲ ಲೈಬ್ರರಿ ಇರುತ್ತೆ. ನನ್ನ ಯಂತ್ರದಲ್ಲಿ ಅದರ 2.35ನೇ ಆವೃತ್ತಿ, ಶಾಲೆಯ 18.04ರಲ್ಲಿ 2.27. ಹಳೇ ಗ್ಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತೆ, ಹೊಸದರ ಮೇಲೆ ಕಟ್ಟಿದ್ದು ಹಳೇದರ ಮೇಲೆ ಓಡೋ ಖಾತ್ರಿ ಇಲ್ಲ. ಹಾಗಾದರೆ ಹಳೇ ಉಬುಂಟುವಿನಲ್ಲೇ ಕಟ್ಟಬೇಕು. ಹೋಗಿ ನೋಡಿದರೆ ನಾನು ಬಳಸಿದ ಕಿಟಕಿ ಲೈಬ್ರರಿಯ ಹೊಸ ಆವೃತ್ತಿ ಅಷ್ಟು ಹಳೇ ವ್ಯವಸ್ಥೆಗೆ ಬರೋದೇ ಇಲ್ಲ.

ಇದು ನನ್ನಂಥ ಕಲಿಯೋ ಹುಡುಗರ ಗೋಳು ಮಾತ್ರ ಅಂದುಕೊಳ್ಳಬೇಡಿ. ಲಿನಕ್ಸ್ ಕರ್ನೆಲ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ 2014ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ನಡೆದ ಡೆಬಿಯನ್ ಸಮ್ಮೇಳನದಲ್ಲಿ ಇದನ್ನೇ ಹೇಳಿದ್ದರು. ನೀರೊಳಗೆ ಮುಳುಗುವವರ ದಾಖಲೆಗೆ ಅಂತ ಅವರು ಶುರುಮಾಡಿದ ಸಬ್‌ಸರ್ಫೇಸ್ ಅನ್ನೋ ತಂತ್ರಾಂಶ ಇದೆ. ಅದನ್ನ ವಿಂಡೋಸ್‌ಗೆ, ಮ್ಯಾಕ್‌ಗೆ ಸಿದ್ಧ ಕಡತ ಮಾಡಿ ಕೊಡ್ತೀವಿ, ಲಿನಕ್ಸ್‌ಗೆ ಮಾತ್ರ ಕೊಡೋಕೆ ಆಗಲ್ಲ ಅನ್ನೋದು ಅವರ ಮಾತಿನ ಸಾರ. ಕರ್ನೆಲ್ ಮಾಡೋವರಿಗೆ ಟೊರ್ವಾಲ್ಡ್ಸ್ ಹಾಕಿರೋ ಕಟ್ಟುನಿಟ್ಟಿನ ನಿಯಮ ಒಂದಿದೆ: ಜನ ಬಳಸ್ತಿರೋ ತಂತ್ರಾಂಶ ನಿಮ್ಮ ಬದಲಾವಣೆಯಿಂದ ಮುರಿಯಬಾರದು. ಕರ್ನೆಲ್‌ನ ಹೊರಗಿರೋ ಲೈಬ್ರರಿಗಳ ಲೋಕದಲ್ಲಿ ಎಲ್ಲರೂ ಆ ನಿಯಮ ಪಾಲಿಸಲ್ಲ. ಎಲ್ಲ ವಿತರಣೆಗೂ ಒಂದು ಸಾಮಾನ್ಯ ಮಾನಕ ಇರಲಿ ಅಂತ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಅನ್ನೋ ಪ್ರಯತ್ನ ನಡೆಯಿತು. 2015ರಲ್ಲಿ ಡೆಬಿಯನ್ ಅದರಿಂದ ಕೈತೊಳೆದುಕೊಂಡಿತು. ಇವತ್ತು ಲಿನಕ್ಸ್ ಮೇಲೆ ಓಡುವ ಎಷ್ಟೋ ಗೇಮ್‌ಗಳು ಲಿನಕ್ಸ್‌ಗೆ ಮಾಡಿದವಲ್ಲ, ವಿಂಡೋಸ್ ಆವೃತ್ತಿಯೇ ಪ್ರೋಟಾನ್ ಅನ್ನೋ ಪದರದ ಮೇಲೆ ಓಡ್ತಿರೋದು. ಲಿನಕ್ಸ್ ಮೇಲೆ ಹೆಚ್ಚು ಭರವಸೆಯ ವೇದಿಕೆ ವಿಂಡೋಸ್‌ನದ್ದೇ ಅಂತ ಡೆವಲಪರ್‌ಗಳು ತಮಾಷೆ ಮಾಡೋದು ಇದಕ್ಕೇ.

ಮೂರು ಪರಿಹಾರ, ಮೂರು ತಕರಾರು

ಪರಿಹಾರ ಇಲ್ಲ ಅಂತಲ್ಲ. ಮೂರಿವೆ.

ಒಂದು ಆಪ್‌ಇಮೇಜ್. ಬೇಕಾದ್ದನ್ನೆಲ್ಲ ಒಂದೇ ಕಡತದಲ್ಲಿ ತುಂಬಿ ಕೊಡೋದು, ಪೆನ್‌ಡ್ರೈವ್‌ನಲ್ಲಿ ಒಯ್ದು ಎರಡು ಸಲ ಒತ್ತಿದರೆ ತೆರೆಯುತ್ತೆ. ಇಂಟರ್‌ನೆಟ್ ಸರಿಯಿಲ್ಲದ ನಮ್ಮಂಥ ಊರಿಗೆ ಇದೇ ಹೇಳಿಮಾಡಿಸಿದ್ದು ಅನ್ನಿಸಿತು. ಆದರೆ ಹಳೇ ಮಾದರಿಯಲ್ಲಿ ಕಟ್ಟಿದ ಆಪ್‌ಇಮೇಜ್‌ಗೆ ಬೇಕಾದ ಫ್ಯೂಸ್ 2 ಲೈಬ್ರರಿ ಉಬುಂಟು 22.04ರಿಂದ ಈಚೆಗೆ ತಾನಾಗಿ ಬರಲ್ಲ. ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಕನ್ನಡದ ಮೇಲೆ. ಕಡತದ ಗಾತ್ರ ಇಳಿಸೋಕೆ ಅಂತ ಬೇಡದ ತುಂಡುಗಳನ್ನೆಲ್ಲ ತೆಗೆದಿದ್ದೆ. ಹಾಗೆ ತೆಗೆದದ್ದರಲ್ಲಿ ಐಬಸ್ ಪ್ಲಗಿನ್ ಕೂಡ ಹೋಗಿತ್ತು. ಲಿನಕ್ಸ್‌ನಲ್ಲಿ ನಾವು ಕನ್ನಡ ಟೈಪಿಸೋದು ಹೆಚ್ಚಾಗಿ ಐಬಸ್ ಮೂಲಕ. ತಂತ್ರಾಂಶ ತೆರೆಯಿತು, ಅಕ್ಷರ ಕಾಣಿಸಿತು, ಕನ್ನಡ ಮಾತ್ರ ಮೂಡಲಿಲ್ಲ. ಇಂಗ್ಲಿಷ್ ಮಾತ್ರ ಬಳಸೋವರಿಗೆ ಈ ದೋಷ ಇದೆ ಅಂತಲೇ ಗೊತ್ತಾಗಲ್ಲ.

ಎರಡು ಸ್ನ್ಯಾಪ್. ಉಬುಂಟು ಹಿಂದಿರುವ ಕ್ಯಾನನಿಕಲ್ ಕಂಪನಿಯದ್ದು. ಇದಕ್ಕೆ ಇರೋದು ಒಂದೇ ಅಂಗಡಿ, ಅದರ ಬೀಗ ಕ್ಯಾನನಿಕಲ್ ಕೈಯಲ್ಲಿ, ಅಂಗಡಿಯ ಸರ್ವರ್ ಕೋಡ್ ಮುಕ್ತವಾಗಿಲ್ಲ. ಅದಕ್ಕೇ ಮಿಂಟ್‌ನವರು 2020ರಲ್ಲಿ ತಮ್ಮ 20ನೇ ಆವೃತ್ತಿಯಿಂದ ಸ್ನ್ಯಾಪ್ ತಾನಾಗಿ ಬರದಂತೆ ತಡೆದರು.

ಮೂರು ಫ್ಲಾಟ್‌ಪ್ಯಾಕ್. ಅದರ ಮುಖ್ಯ ಅಂಗಡಿ ಫ್ಲಾಟ್‌ಹಬ್. ಇದನ್ನ ಫೆಡೋರಾ, ಮಿಂಟ್ ಎರಡೂ ಜೊತೆಯಲ್ಲೇ ಕೊಡುತ್ತವೆ. ಉಬುಂಟು ಕುಟುಂಬದವರು 2023ರಲ್ಲಿ ತಮ್ಮ ಯಾವ ಆವೃತ್ತಿಯಲ್ಲೂ ಇದನ್ನ ಮೊದಲೇ ಹಾಕಿ ಕೊಡಲ್ಲ ಅಂತ ತೀರ್ಮಾನಿಸಿದರು. ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಆದರೆ ನನ್ನ ಪುಟ್ಟ ತಂತ್ರಾಂಶ ಓಡಬೇಕಾದರೆ ಅದರ ಕೆಳಗೆ ನೂರಾರು ಎಂಬಿಯ ರನ್‌ಟೈಮ್ ಇಳಿಸಿಕೊಳ್ಳಬೇಕು. ಚಿಕ್ಕಪ್ಪನ ಮನೆಯಲ್ಲಿ ಇಂಟರ್‌ನೆಟ್ ಅಂದರೆ ಮೊಬೈಲಿನ ಹಾಟ್‌ಸ್ಪಾಟ್. ಸಿಗ್ನಲ್ ಬೇಕಾದರೆ ಮನೆ ಮುಂದಿನ ಕಟ್ಟೆಗೆ ಬರಬೇಕು.

ಈ ಮೂರನ್ನೂ ಬರೆದವರು ಬುದ್ಧಿವಂತರು, ಬಹಳಷ್ಟು ಜನ ಸಂಬಳ ಇಲ್ಲದೆ ದುಡಿದವರು. ಕಟ್ಟು ಕಟ್ಟೋ ಹತ್ತು ವಿಧಾನ ಬೇಡ, ಒಂದು ಸಾಕು ಅಂತ ಹೊರಟು ಮೂರಾಗಿದೆ ಅಷ್ಟೇ. ಇಲ್ಲಿ ಒಂದು ರಾಜಕೀಯ ಪ್ರಶ್ನೆ ಇದೆ. ವಿಂಡೋಸ್‌ನಲ್ಲಿ ಈ ತಲೆನೋವು ಕಡಿಮೆ. ಒಂದು ಕಡತ ಮಾಡಿದರೆ ಹತ್ತರಲ್ಲೂ ಓಡುತ್ತೆ, ಹನ್ನೊಂದರಲ್ಲೂ ಓಡುತ್ತೆ. ಇದನ್ನ ಒಪ್ಪಿಕೊಳ್ಳಲೇಬೇಕು. ಆದರೆ ಆ ಏಕರೂಪದ ಬೆಲೆಯನ್ನೂ ಈಗ ನೋಡ್ತಿದ್ದೀವಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0, ಹೊಸ ಪೀಳಿಗೆಯ ಪ್ರೊಸೆಸರ್ ಇರಬೇಕು. ಕೆಟ್ಟು ಹೋಗದ ಎಷ್ಟೋ ಕಂಪ್ಯೂಟರ್‌ಗಳು ಒಂದು ಕಂಪನಿಯ ತೀರ್ಮಾನದಿಂದ ಒಂದೇ ದಿನದಲ್ಲಿ ಹಳೇ ಸಾಮಾನಾದವು. ಚಿಕ್ಕಪ್ಪನ ಲ್ಯಾಪ್‌ಟಾಪ್ ಕೂಡ ಅಂಥದ್ದೇ.

ಒಬ್ಬರ ಕೈಯಲ್ಲಿ ಎಲ್ಲ ಇದ್ದರೆ ಸಲೀಸು, ಹತ್ತು ಜನರ ಕೈಯಲ್ಲಿ ಇದ್ದರೆ ಗೋಜಲು. ಒಕ್ಕೂಟ ವ್ಯವಸ್ಥೆ ಬಗ್ಗೆ ಮಾತಾಡುವಾಗಲೂ ನಾವು ಕೇಳೋ ವಾದ ಇದೇ ಅಲ್ವಾ? ಒಂದು ದೇಶ, ಒಂದು ಅದು, ಒಂದು ಇದು ಅನ್ನೋವರು ಮುಂದಿಡೋದು ಯಾವಾಗಲೂ ಸಲೀಸನ್ನೇ. ಅದಕ್ಕೆ ಉತ್ತರವಾಗಿ ಗೋಜಲೇ ಚಂದ ಅನ್ನೋಕಾಗಲ್ಲ. ಬೇರೆ ಬೇರೆಯಾಗಿ ಇರೋವರು ಯಾವ ಯಾವ ವಿಷಯದಲ್ಲಿ ಒಪ್ಪಂದಕ್ಕೆ ಬರಬೇಕು ಅಂತ ಕೂತು ಬರೆದುಕೊಳ್ಳಬೇಕು.

ಈ ಪಾಠ ಕನ್ನಡಕ್ಕೆ ಹೊಸದಲ್ಲ

ಕನ್ನಡಿಗರು ಇದೇ ಕಥೆಯನ್ನ ಒಂದು ಸಲ ಬದುಕಿದ್ದಾರೆ. ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಆರಂಭದಲ್ಲಿ ಡಿಟಿಪಿ ಅಂಗಡಿಗಳಲ್ಲಿ ಕೆಲಸ ಮಾಡಿದವರನ್ನ ಕೇಳಿ. ಶ್ರೀಲಿಪಿ, ಆಕೃತಿ, ಬರಹ, ನುಡಿ, ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆದರೆ ಗೊಬ್ಬರ. ಪ್ರತಿಯೊಬ್ಬರೂ ಕನ್ನಡದ ಅಕ್ಷರ ತುಂಡುಗಳಿಗೆ ತಮ್ಮದೇ ಸಂಖ್ಯೆ ಕೊಟ್ಟುಕೊಂಡಿದ್ದರು. ಪುಸ್ತಕ ಅಚ್ಚಿಗೆ ಹೋಗೋಕೆ ಮುಂಚೆ ಫಾಂಟ್ ಯಾವುದು ಅಂತ ಕೇಳೋದು ಒಂದು ವಿಧಿಯೇ ಆಗಿತ್ತು. ಇದು ಬಗೆಹರಿದದ್ದು ಎಲ್ಲರೂ ಒಂದೇ ಕಂಪನಿಯ ತಂತ್ರಾಂಶ ಕೊಂಡದ್ದರಿಂದ ಅಲ್ಲ. ಯೂನಿಕೋಡ್ ಅನ್ನೋ ಒಪ್ಪಂದಕ್ಕೆ ಎಲ್ಲರೂ ನಿಧಾನಕ್ಕೆ ಬಂದದ್ದರಿಂದ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ನಾವು ಅಲ್ಲಿಗೆ ತಲುಪೋಕೆ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಂಡೆವು. ಆ ನಡುವೆ ಹಳೇ ಎನ್‌ಕೋಡಿಂಗ್‌ನಲ್ಲಿ ಹೊಡೆದು ಇಟ್ಟ ಕಡತಗಳನ್ನ ಇವತ್ತಿಗೂ ಪರಿವರ್ತಕಗಳಲ್ಲಿ ಹಾಕಿ ತಿದ್ದುತ್ತಾ ಕೂತಿದ್ದೀವಿ.

ಇನ್ನೂ ಹತ್ತಿರದ ಉದಾಹರಣೆ ಹೇಳ್ತೀನಿ. ಕನ್ನಡ ಗಣಕ ಪರಿಷತ್ತಿನ ನುಡಿ ಹುಟ್ಟಿದ್ದು ವಿಂಡೋಸ್‌ಗಾಗಿ. ಅದರ ಕೀಲಿಮಣೆಯ ಬೇರು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿದೆ. ಈಗ ಯಾವುದಾದರೂ ಹೊಸ ಲಿನಕ್ಸ್ ವಿತರಣೆ ಹಾಕಿ, ಕೀಲಿಮಣೆ ಪಟ್ಟಿ ತೆರೆದು ಕನ್ನಡ ಹುಡುಕಿ. ಕಗಪ ಅನ್ನೋ ಹೆಸರು ಅಲ್ಲಿರುತ್ತೆ. ಡೆಬಿಯನ್ ಆಗಲಿ, ಫೆಡೋರಾ ಆಗಲಿ, ಆರ್ಚ್ ಆಗಲಿ. ಯಾರೂ ಅದನ್ನ ಇಳಿಸಿಕೊಳ್ಳಬೇಕಿಲ್ಲ, ಕಟ್ಟು ಕಟ್ಟಬೇಕಿಲ್ಲ. ಕಾರಣ ಸರಳ. ಯಾರೋ ಪುಣ್ಯಾತ್ಮರು ಆ ವಿನ್ಯಾಸವನ್ನ ಎಲ್ಲ ವಿತರಣೆಗಳೂ ನೀರು ಸೇದೋ ಮೂಲಕ್ಕೇ, ಅಂದರೆ ಎಲ್ಲರೂ ಬಳಸುವ ಕೀಲಿಮಣೆ ದತ್ತಾಂಶಕ್ಕೇ ಸೇರಿಸಿದ್ದಾರೆ. ನುಡಿಯಲ್ಲಿ ಕೈ ಪಳಗಿದವರಿಗೆ ಅದು ಪೂರ್ತಿ ಅದೇ ಅನುಭವ ಕೊಡದೇ ಇರಬಹುದು. ಆದರೂ ನನ್ನ ಆಪ್‌ಇಮೇಜ್‌ನಲ್ಲಿ ಐಬಸ್ ಕೈಕೊಟ್ಟ ದಿನ ಕನ್ನಡ ಮೂಡಿಸಿದ್ದು ಇದೇ ಕಗಪ ವಿನ್ಯಾಸ. ಅದು ಇನ್ನೂ ಕೆಳಗಿನ ಪದರದಲ್ಲಿ ಕೆಲಸ ಮಾಡುತ್ತೆ, ಹಾಗಾಗಿ ನಾನು ಮಾಡಿದ ಎಡವಟ್ಟು ಅದಕ್ಕೆ ತಾಗಲಿಲ್ಲ.

ಫಾಂಟ್‌ಗಳದ್ದೂ ಹಾಗೇ. ಗುಬ್ಬಿ, ನವಿಲು ಅನ್ನೋ ಎರಡು ಮುಕ್ತ ಯೂನಿಕೋಡ್ ಫಾಂಟ್‌ಗಳಿವೆ. (ನಮ್ಮ ಜಿಲ್ಲೆಯ ಗುಬ್ಬಿಯಲ್ಲ, ಹಕ್ಕಿ ಗುಬ್ಬಿ.) ಎರಡೂ ಡೆಬಿಯನ್‌ನ ಉಗ್ರಾಣದಲ್ಲಿವೆ, ಅಲ್ಲಿಂದ ಉಬುಂಟು, ಮಿಂಟ್‌ಗೂ ಹರಿದು ಹೋಗುತ್ತವೆ. ಮೂಲದಲ್ಲಿ ಸೇರಿದ್ದು ಎಲ್ಲ ಕಡೆ ತಲುಪುತ್ತೆ. ಕಟ್ಟಿದ ಪೊಟ್ಟಣವಾಗಿ ಹೊರಟದ್ದು ಪ್ರತಿ ಬಾಗಿಲಲ್ಲೂ ನಿಂತು ಕಾಯಬೇಕು.

ಕಾಸರಗೋಡಿನ ಕನ್ನಡ ಮಕ್ಕಳು ನಮಗಿಂತ ಮುಂದೆ

ಹಾಗಾದರೆ ಲಿನಕ್ಸ್‌ನಲ್ಲಿ ದೊಡ್ಡ ಮಟ್ಟದಲ್ಲಿ ತಂತ್ರಾಂಶ ತಲುಪಿಸಿದವರು ಯಾರೂ ಇಲ್ಲವಾ? ಇದ್ದಾರೆ, ಪಕ್ಕದಲ್ಲೇ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಎರಡು ಸಾವಿರದ ದಶಕದಲ್ಲೇ ಐಟಿ@ಸ್ಕೂಲ್ ಯೋಜನೆಯ ಮೂಲಕ ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಈಗ ಆ ಯೋಜನೆ ಕೈಟ್ ಅನ್ನೋ ಸರ್ಕಾರಿ ಸಂಸ್ಥೆಯಾಗಿದೆ. ಅದು ಉಬುಂಟುವನ್ನ ಬುಡವಾಗಿ ಇಟ್ಟುಕೊಂಡು ಕೈಟ್ ಗ್ನು/ಲಿನಕ್ಸ್ ಅನ್ನೋ ವಿತರಣೆಯನ್ನ ಸಿದ್ಧ ಮಾಡಿ ಶಾಲೆಗಳಿಗೆ ಕೊಡುತ್ತೆ. ಪಠ್ಯದಲ್ಲಿರುವ ತಂತ್ರಾಂಶಗಳು ಅದರೊಳಗೇ ಇರುತ್ತವೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯ ಒಳಗೇ ಇವೆ. ಅಂದರೆ ಮಂಜೇಶ್ವರದ, ಬದಿಯಡ್ಕದ ಕನ್ನಡ ಮಕ್ಕಳು ಐಟಿಯನ್ನ ಒಂದು ವಿಷಯವಾಗಿ ಕಲಿಯೋದು ಮುಕ್ತ ತಂತ್ರಾಂಶದ ಮೇಲೆ. ಕಾಸರಗೋಡಿನಲ್ಲಿ ಕನ್ನಡದ ಹಕ್ಕುಗಳ ಬಗ್ಗೆ ನಮಗೆ ಕೇರಳದ ಜೊತೆ ಜಗಳ ಇದೆ, ಇರಲಿ. ಈ ಒಂದು ವಿಷಯದಲ್ಲಿ ಮಾತ್ರ ಅವರನ್ನ ನೋಡಿ ಕಲಿಯೋದು ಇದೆ.

ಕೈಟ್ ಏನೂ ಮಾಯ ಮಾಡಲಿಲ್ಲ. ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಜಗಳಕ್ಕೂ ಹೋಗಲಿಲ್ಲ. ಎಲ್ಲ ಶಾಲೆಗೂ ಒಂದೇ ಬುಡ, ದೀರ್ಘಕಾಲ ಬೆಂಬಲ ಇರೋ ಆವೃತ್ತಿ, ತರಬೇತಿ ಪಡೆದ ಮೇಷ್ಟ್ರುಗಳು, ಕೆಟ್ಟರೆ ಕೇಳೋಕೆ ಒಂದು ಕಚೇರಿ. ತಂತ್ರಜ್ಞಾನ ಬಿಡಿಸಲಾಗದ ಗಂಟನ್ನ ಒಂದು ಸಂಸ್ಥೆ ಬಿಡಿಸಿತು. ಇದಕ್ಕೆ ಉಲ್ಟಾ ಉದಾಹರಣೆ ಜರ್ಮನಿಯ ಮ್ಯೂನಿಕ್ ನಗರಾಡಳಿತ. 2004ರಿಂದ ವರ್ಷಗಟ್ಟಲೆ ದುಡಿದು ತನ್ನ ಕಚೇರಿಗಳನ್ನ ಲಿನಕ್ಸ್‌ಗೆ ತಂದ ನಗರ, ರಾಜಕೀಯ ನಾಯಕತ್ವ ಬದಲಾದ ಮೇಲೆ 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನ ಮುಕ್ತ ತಂತ್ರಾಂಶಕ್ಕೆ ತರ್ತೀನಿ ಅಂತ ಹೊರಟಿದೆ. ಮುಕ್ತ ತಂತ್ರಾಂಶ ನಿಲ್ಲೋದೂ ಬೀಳೋದೂ ಕೋಡ್‌ನಷ್ಟೇ ಸರ್ಕಾರದ ಮನಸ್ಸಿನ ಮೇಲೂ ನಿಂತಿದೆ.

ಈಗ ಕಿಯೋ

2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯ ಹೊತ್ತಿಗೆ ಕರ್ನಾಟಕ ಸರ್ಕಾರ ಕಿಯೋ ಅನ್ನೋ ಕಡಿಮೆ ಬೆಲೆಯ ಕಂಪ್ಯೂಟರನ್ನ ಮುಂದಿಟ್ಟಿತು. ಐಟಿ-ಬಿಟಿ ಇಲಾಖೆ, ಕಿಯೋನಿಕ್ಸ್ ಸೇರಿ ಮಾಡಿದ್ದು. ಲಿನಕ್ಸ್ ಆಧಾರಿತ, ರಿಸ್ಕ್-ಫೈವ್ ಪ್ರೊಸೆಸರ್. ಸಚಿವ ಪ್ರಿಯಾಂಕ್ ಖರ್ಗೆ ಇದನ್ನ ಡಿಜಿಟಲ್ ಅಂತರ ಕಡಿಮೆ ಮಾಡೋ ಹೆಜ್ಜೆ ಅಂದರು. ನನಗೆ ನಿಜಕ್ಕೂ ಖುಷಿಯಾಯ್ತು. ಫೋನ್ ಇರುವ ಮನೆಯಲ್ಲೂ ಕಂಪ್ಯೂಟರ್ ಇಲ್ಲದ ಮಕ್ಕಳು ನಮ್ಮ ಹೋಬಳಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕಣ್ಣಾರೆ ನೋಡಿದವನು ನಾನು.

ಆದರೆ ಖುಷಿಯ ಹಿಂದೆಯೇ ಒಂದು ಚಿಂತೆ ಬಂತು. ರಿಸ್ಕ್-ಫೈವ್ ಅಂದರೆ ಪ್ರೊಸೆಸರಿನ ಭಾಷೆಯೇ ಬೇರೆ. ಇಲ್ಲಿವರೆಗೆ ನಾನು ಹೇಳಿದ ತೊಂದರೆಯೆಲ್ಲ ಒಂದೇ ಜಾತಿಯ, ಅಂದರೆ ಇಂಟೆಲ್-ಎಎಂಡಿ ಪ್ರೊಸೆಸರ್ ಇರುವ ಯಂತ್ರಗಳದ್ದು. ಕಿಯೋದಲ್ಲಿ ಅದರ ಮೇಲೆ ಇನ್ನೊಂದು ಗೋಡೆ. ನಾನು ಕಟ್ಟಿದ ಒಂದೇ ಕಡತ ಅಲ್ಲಿ ತೆರೆಯಲ್ಲ. ವಿಂಡೋಸ್ ತಂತ್ರಾಂಶವನ್ನ ವೈನ್ ಮೂಲಕ ಓಡಿಸ್ತೀನಿ ಅಂದರೆ ಅದರ ಕೆಳಗೆ ಇನ್ನೊಂದು ಎಮ್ಯುಲೇಟರ್ ಬೇಕು. ಫ್ಲಾಟ್‌ಹಬ್‌ನ ಅಂಗಡಿ ಇಂಟೆಲ್-ಎಎಂಡಿಗೆ ಮತ್ತು ಆರ್ಮ್‌ಗೆ ಕಟ್ಟಿ ಕೊಡುತ್ತೆ, ರಿಸ್ಕ್-ಫೈವ್‌ಗೆ ಅಲ್ಲ. ಉಬುಂಟುವೇ ತನ್ನ 25.10ನೇ ಆವೃತ್ತಿಯಿಂದ ಆರ್‌ವಿಎ23 ಅನ್ನೋ ಹೊಸ ಮಟ್ಟದ ರಿಸ್ಕ್-ಫೈವ್ ಪ್ರೊಸೆಸರನ್ನ ಕಡ್ಡಾಯ ಮಾಡಿದೆ, ಅದಕ್ಕಿಂತ ಹಳೇ ಪ್ರೊಸೆಸರ್ ಇದ್ದವರಿಗೆ 24.04ರಲ್ಲೇ ನಿಲ್ಲಬೇಕಾದ ಸ್ಥಿತಿ.

ಒಂದು ಸಮಾಧಾನವೂ ಇದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಮೊದಲ ಸಲ ರಿಸ್ಕ್-ಫೈವ್ ಅನ್ನ ಅಧಿಕೃತವಾಗಿ ಸೇರಿಸಿಕೊಂಡಿದೆ. ಅದರರ್ಥ, ಮೂಲ ಕೋಡ್ ಸಮೇತ ಡೆಬಿಯನ್‌ಗೆ ಸೇರಿದ ತಂತ್ರಾಂಶಗಳನ್ನ ಡೆಬಿಯನ್‌ನ ಯಂತ್ರಗಳೇ ರಿಸ್ಕ್-ಫೈವ್‌ಗೂ ಕಟ್ಟಿ ಕೊಡುತ್ತವೆ. ಹಾಗಾಗಿ ಕಗಪ ಕೀಲಿಮಣೆ, ಗುಬ್ಬಿ, ನವಿಲು, ಐಬಸ್ ಎಲ್ಲವೂ ಅಲ್ಲಿ ಈಗಾಗಲೇ ಇವೆ. ಅವನ್ನ ಬರೆದ ಕಾಲಕ್ಕೆ ಕಿಯೋ ಅನ್ನೋ ಹೆಸರೇ ಇರಲಿಲ್ಲ. ಕೋಡ್ ಮುಚ್ಚಿಟ್ಟ ತಂತ್ರಾಂಶಕ್ಕೆ ಈ ಭಾಗ್ಯ ಇಲ್ಲ. ಅದನ್ನ ಮಾಡಿದವರು ಮನಸ್ಸು ಮಾಡಿ ಮತ್ತೆ ಕಟ್ಟಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾವು ಕೇಳಬೇಕಾದ್ದು

ಎಲ್ಲ ಬ್ರೌಸರ್‌ನಲ್ಲೇ ಮಾಡಿದರೆ ಆಗೋಯ್ತಲ್ಲ, ಡೆಸ್ಕ್‌ಟಾಪ್ ತಂತ್ರಾಂಶ ಯಾಕೆ ಅಂತ ಗೆಳೆಯರು ಕೇಳ್ತಾರೆ. ಅರ್ಧ ನಿಜ. ಪಹಣಿ ತೆಗೆಯೋಕೆ, ಅರ್ಜಿ ಹಾಕೋಕೆ ಬ್ರೌಸರ್ ಸಾಕು. ಆದರೆ ಬ್ರೌಸರ್‌ನಲ್ಲಿ ಓಡೋ ಲೆಕ್ಕದ ಪುಸ್ತಕ ಹೆಚ್ಚಾಗಿ ಯಾರದ್ದೋ ಸರ್ವರ್‌ನಲ್ಲಿ ಕೂತಿರುತ್ತೆ. ನನ್ನ ಚಿಕ್ಕಪ್ಪ ಈ ವರ್ಷ ಎಷ್ಟು ಕೊಬ್ಬರಿ ಅಟ್ಟದಲ್ಲಿ ಇಟ್ಟಿದ್ದಾರೆ ಅನ್ನೋದು ಮಂಡಿಯ ದರ ಏರಿಳಿಯೋ ಕಾಲದಲ್ಲಿ ಗುಟ್ಟಿನ ಮಾಹಿತಿ. ಅದು ಅವರ ಮನೆಯಲ್ಲೇ ಇರಬೇಕು, ಸಿಗ್ನಲ್ ಇಲ್ಲದಾಗಲೂ ತೆರೀಬೇಕು.

ಆದ್ದರಿಂದ ಸರ್ಕಾರಕ್ಕೆ ನಾಲ್ಕು ಮಾತು.

ಮೊದಲನೇದು, ಹೊಸ "ಕನ್ನಡ ಲಿನಕ್ಸ್" ವಿತರಣೆ ಮಾಡ್ತೀವಿ ಅಂತ ಹೊರಡಬೇಡಿ. ಕೇಂದ್ರದ ಸಿ-ಡ್ಯಾಕ್ ಬಾಸ್ ಅನ್ನೋ ವಿತರಣೆ ಮಾಡಿ ಹದಿನೆಂಟು ವರ್ಷ ದಾಟಿದೆ, ನಿಮ್ಮ ಸುತ್ತ ಅದನ್ನ ಬಳಸೋವರು ಎಷ್ಟು ಜನ ಅಂತ ಎಣಿಸಿ ನೋಡಿ. ಇರೋ ರಾಶಿಗೆ ಇನ್ನೊಂದು ಹೆಸರು ಸೇರಿಸೋದರಿಂದ ಗೋಜಲು ಹೆಚ್ಚುತ್ತೆ ಅಷ್ಟೇ. ಡೆಬಿಯನ್ ಅಥವಾ ಉಬುಂಟುವಿನ ದೀರ್ಘ ಬೆಂಬಲದ ಒಂದು ಆವೃತ್ತಿಯನ್ನ ಆರಿಸಿ, ಶಾಲೆ, ಅರಿವು ಕೇಂದ್ರ, ಕಿಯೋ ಎಲ್ಲಕ್ಕೂ ಅದೇ ಬುಡ ಅಂತ ಪ್ರಕಟಿಸಿ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ ಅಂತ ಬರೆದು ಕೊಡಿ. ಆಗ ನನ್ನಂಥವರಿಗೆ ಯಾವುದರ ಮೇಲೆ ಕಟ್ಟಬೇಕು ಅಂತಾದರೂ ಗೊತ್ತಾಗುತ್ತೆ.

ಎರಡನೇದು, ಜನರ ದುಡ್ಡಲ್ಲಿ ಮಾಡಿಸಿದ ಕನ್ನಡ ತಂತ್ರಾಂಶದ ಮೂಲ ಕೋಡ್ ಜನರಿಗೆ ಸೇರಬೇಕು. ಯುರೋಪಿನಲ್ಲಿ 2017ರಿಂದ ಇದೇ ಬೇಡಿಕೆ ಇಟ್ಟು ಚಳವಳಿ ನಡೀತಿದೆ. ನಮ್ಮ ಕೇಂದ್ರ ಸರ್ಕಾರವೇ 2015ರಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ಅನ್ನೋ ನೀತಿ ಹೊರಡಿಸಿದೆ. ಕೋಡ್ ಹೊರಗಿದ್ದರೆ ನಾಳೆ ರಿಸ್ಕ್-ಫೈವ್ ಬಂದರೂ, ನಾಡಿದ್ದು ಇನ್ನೇನೋ ಬಂದರೂ ಯಾರಾದರೂ ಕಟ್ಟಿಕೊಳ್ಳಬಹುದು.

ಮೂರನೇದು, ಮೂಲದಲ್ಲಿ ಕೆಲಸ ಮಾಡೋವರಿಗೆ ಸಂಬಳ ಕೊಡಿ. ಐಬಸ್‌ನಲ್ಲಿ ಕನ್ನಡ, ಲಿಬ್ರೆಆಫೀಸ್‌ನಲ್ಲಿ ಕನ್ನಡದ ಕಾಗುಣಿತ ಪರೀಕ್ಷೆ, ಫ್ಲಾಟ್‌ಪ್ಯಾಕ್‌ನ ಒಳಗೆ ಕನ್ನಡ ಟೈಪಿಂಗ್ ಸರಿಯಿದೆಯಾ ಅನ್ನೋ ಪರೀಕ್ಷೆ. ಇವನ್ನೆಲ್ಲ ಇಲ್ಲಿವರೆಗೆ ರಾತ್ರಿ ನಿದ್ದೆಗೆಟ್ಟು ಮಾಡಿದವರು ಸ್ವಯಂಸೇವಕರು. ಮೂರು ನಾಲ್ಕು ಜನರನ್ನ ಪೂರ್ಣಾವಧಿಗೆ ಇಟ್ಟುಕೊಂಡರೆ ಅದರ ಫಲ ಎಲ್ಲ ವಿತರಣೆಗೂ ತಾನಾಗಿ ಹರಿಯುತ್ತೆ.

ನಾಲ್ಕನೇದು ಟೆಂಡರ್. ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಕೊಳ್ಳುವಾಗ ಲಿನಕ್ಸ್‌ನಲ್ಲಿ ಓಡಬೇಕು, ಕಿಯೋದಲ್ಲೂ ಓಡಬೇಕು ಅನ್ನೋ ಒಂದು ಸಾಲು ಹಾಕಿ. ನಮ್ಮ ಕಡೆ ಲಿನಕ್ಸ್ ಹಾಕಿಸಿಕೊಂಡು ವಾರದಲ್ಲೇ ವಿಂಡೋಸ್‌ಗೆ ವಾಪಸ್ ಹೋದವರಲ್ಲಿ ಬಹಳ ಜನ ಹೋದದ್ದು ಪ್ರಿಂಟರ್ ಓಡಲಿಲ್ಲ ಅಂತಲೇ. ಕಂಪನಿಗಳು ನಮ್ಮಂಥವರ ಮಾತು ಕೇಳಲ್ಲ, ಸಾವಿರಗಟ್ಟಲೆ ಯಂತ್ರ ಕೊಳ್ಳೋ ಸರ್ಕಾರದ ಮಾತು ಕೇಳ್ತಾವೆ.

ಇನ್ನು ನನ್ನ ತಂತ್ರಾಂಶದ ವಿಷಯ. ಕೊನೆಗೆ ಅದನ್ನ ಅರ್ಧ ತಿರುಗಿ ಬರೆದೆ. ಹೊರಗಿನ ಲೈಬ್ರರಿಗಳನ್ನೆಲ್ಲ ಕಿತ್ತುಹಾಕಿ, ಡೆಬಿಯನ್ ಮತ್ತು ಉಬುಂಟುವಿನ ಉಗ್ರಾಣದಲ್ಲಿ ಇರೋದನ್ನ ಮಾತ್ರ ಬಳಸಿದೆ. ನೋಡೋಕೆ ಸ್ವಲ್ಪ ಸಪ್ಪೆಯಾಯ್ತು, ಆದರೆ ಕಟ್ಟು ಚಿಕ್ಕದಾಯ್ತು, ಕನ್ನಡ ಟೈಪಿಂಗ್ ಸರಿಹೋಯ್ತು. ಮಿಂಟ್‌ನಲ್ಲಿ, ಡೆಬಿಯನ್‌ನಲ್ಲಿ ಓಡ್ತಿದೆ. ಫೆಡೋರಾ ಗೆಳೆಯ ಕೋಡ್ ತಗೊಂಡು ತಾನೇ ಕಟ್ಟಿಕೊಂಡ. ಶಾಲೆಯ ಲ್ಯಾಬಿನಲ್ಲಿ ಇನ್ನೂ ಓಡಲ್ಲ. ಆ ಯಂತ್ರಗಳಿಗೆ ಹೊಸ ಉಬುಂಟು ಹಾಕೋಕೆ ಮೇಷ್ಟ್ರಿಗೆ ಮೇಲಿನವರ ಅನುಮತಿ ಬೇಕಂತೆ, ಕಾಯ್ತಿದ್ದಾರೆ.

ಕಳೆದ ವಾರ ಊರಿಗೆ ಹೋದಾಗ ಚಿಕ್ಕಪ್ಪ ಲ್ಯಾಪ್‌ಟಾಪ್ ತೆಗೆದು ಈ ಸಲದ ಕಾಯಿ ಲೆಕ್ಕ ತೋರಿಸಿದರು. ಪಕ್ಕದಲ್ಲೇ ಒಂದು ಉದ್ದನೆಯ ರಟ್ಟಿನ ಪುಸ್ತಕ, ಅದರಲ್ಲೂ ಅದೇ ಲೆಕ್ಕ, ಪೆನ್ನಿನಲ್ಲಿ.

"ಎರಡೆರಡು ಕಡೆ ಯಾಕೆ ಚಿಕ್ಕಪ್ಪ?" ಅಂದೆ.

"ನೀನು ಮತ್ತೆ ಅದನ್ನ ಹೊಸದು ಮಾಡ್ತೀನಿ ಅಂತ ಬಂದ್ರೆ ಕಣಪ್ಪ, ಅದಕ್ಕೆ" ಅಂದರು.